ಬಲೆ ಕಡಿದವನೂ ಬಾಗಿಲು ತೆಗೆದವನೂ

ಸಾಸ್ತಾನದ ಟೋಲ್ ಗೇಟಿನಲ್ಲಿ ಬಸ್ಸು ನಿಂತುಬಿಟ್ಟಿತ್ತು. ಮುಂದೆ ಯಾವುದೋ ಲಾರಿಯವನಿಗೂ ಗೇಟಿನವನಿಗೂ ಮಾತಿಗೆ ಮಾತು ಬೆಳೆದು ಸಾಲು ಅಲುಗುತ್ತಿರಲಿಲ್ಲ. ಮಳೆಗೆ ಕಿಟಕಿ ಮುಚ್ಚಿದ್ದರಿಂದ ಒಳಗೆ ಬೇಯುವಷ್ಟು ಸೆಕೆ. ನನ್ನ ಪಕ್ಕ ಕೂತಿದ್ದ ಆಸಾಮಿಗೆ ನಲವತ್ತರ ಆಸುಪಾಸು, ಇಸ್ತ್ರಿ ಅಂಗಿ, ಕಾಲ ಮೇಲೆ ಆಫೀಸಿನ ಬ್ಯಾಗು. ಮೊಬೈಲನ್ನು ಅಡ್ಡ ಹಿಡಿದು ಏನೋ ಆಡುತ್ತಿದ್ದ. ಗಾಳಿ ಬೀಸುವ ಸದ್ದು, ತಗಡು ಬಡಿಯುವ ಸದ್ದು, ಆಮೇಲೆ ಹೊಟ್ಟೆ ಹಸಿದ ಗಂಡಸೊಬ್ಬ ನರಳುವ ಸದ್ದು. ನನಗೆ ಮೈ ಉರಿಯಿತು. ಆ ನರಳಾಟವನ್ನು ಒಂದಿಡೀ ಮಳೆಗಾಲ ನನ್ನ ಮನೆಯ ಚಾವಡಿಯಲ್ಲಿ ಕೇಳಿಸಿಕೊಂಡವಳು ನಾನು. ಬಗ್ಗಿ ನೋಡಿದರೆ ಅದೇ ಆಟ, ಅದೇ ಹಾಳು ಕಡಲತೀರ. ಅವನ ಗೊಂಬೆ ನೀರಿನ ಹತ್ತಿರ ಹೋಗಿ ಬೊಗಸೆ ಒಡ್ಡಿತು.

"ಹ್ವಾಯ್, ಅದ್ ಕುಡಿಬೇಡಿ. ಉಪ್ಪ್ ನೀರ್. ಸಾಯ್ತ್ರಿ," ಅಂದುಬಿಟ್ಟೆ.

ಅವನು ನನ್ನನ್ನೂ ನನ್ನ ಮಡಿಲಲ್ಲಿದ್ದ ಬಟ್ಟೆಯ ಗಂಟನ್ನೂ ನೋಡಿದ. "ನೀವೂ ಆಡ್ತ್ರ್ಯಾ?" ಎಂದು ಕೇಳಿದ. ಇಲ್ಲ ಎಂದು ತಲೆಯಾಡಿಸಿ ಆಚೆ ಮುಖ ಮಾಡಿದೆ. ಅಪರಿಚಿತನಿಗೆ ಏನಂತ ಹೇಳುವುದು? ಹೇಳಲು ಹೊರಟರೆ ಬಸ್ಸು ಉಡುಪಿ ಮುಟ್ಟಿದರೂ ಮುಗಿಯುವುದಿಲ್ಲ.

ಎರಡು ಮಳೆಗಾಲದ ಹಿಂದಿನ ಮಾತು. ನನ್ನ ಯಜಮಾನರು ಮಂಜುನಾಥ, ಗಂಗೊಳ್ಳಿಯಲ್ಲಿ ಮೀನಿನ ಬೋಟಿನ ತಾಂಡೇಲ. ತಾಂಡೇಲ ಅಂದರೆ ಬೋಟು ನಡೆಸುವವನು, ನೀರಿನ ಮೇಲೆ ಅವನ ಮಾತೇ ಮಾತು. ನಾನು ಚಾವಡಿಯಲ್ಲಿ ಯಂತ್ರ ಇಟ್ಟುಕೊಂಡು ರವಿಕೆ, ಶಾಲೆಯ ಯೂನಿಫಾರ್ಮು ಹೊಲಿಯುವವಳು. ಮಳೆಗಾಲ ಶುರುವಾದರೆ ಬೋಟುಗಳಿಗೆ ಕಡಲಿಗಿಳಿಯಲು ಅಪ್ಪಣೆ ಇಲ್ಲ. ಎಲ್ಲರೂ ದಕ್ಕೆಯಲ್ಲಿ, ಅಂದರೆ ಬಂದರಿನ ಕಟ್ಟೆಯಲ್ಲಿ, ಬೋಟು ಕಟ್ಟಿ ಮನೆ ಸೇರುತ್ತಾರೆ. ನೀರಿನ ಮೇಲೆ ಹುಲಿಯಂತಿದ್ದ ಗಂಡಸು ಎರಡು ತಿಂಗಳು ಮನೆಯಲ್ಲಿದ್ದರೆ ಹೇಗಿರುತ್ತದೆ ಎಂದು ಕಡಲ ಬದಿಯ ಹೆಂಗಸರನ್ನು ಕೇಳಬೇಕು. ಸಾರಿಗೆ ಉಪ್ಪು ಯಾಕೆ ಹೆಚ್ಚಾಯಿತು, ಬಾಗಿಲು ಯಾಕೆ ಕಿರ್ ಅನ್ನುತ್ತದೆ, ಬೆಕ್ಕು ಯಾಕೆ ಇಲ್ಲೇ ಮಲಗಬೇಕು. ಎಲ್ಲದಕ್ಕೂ ನಾನು ಜವಾಬು ಕೊಡಬೇಕು.

ಆ ವರ್ಷ ಇವರು ಬೆಕ್ಕಿನ ಸುದ್ದಿಯನ್ನೂ ತೆಗೆಯಲಿಲ್ಲ. ಬಾಯಿಯೇ ಇರಲಿಲ್ಲ. ಕಾರಣ ಇವರ ತಮ್ಮ ಸುರೇಶ. ಇವರಿಗಿಂತ ಏಳೆಂಟು ವರ್ಷ ಚಿಕ್ಕವನು, ಮೀಸೆ ಬರುವ ಮೊದಲೇ ಅಣ್ಣನ ಬೋಟು ಹತ್ತಿದವನು. ಅದಕ್ಕೂ ಒಂದು ವರ್ಷ ಮೊದಲು, ಹಂಗಾಮಿನ ಕೊನೆಗೆ, ಕಡಲಿನಲ್ಲಿ ಬಲೆ ನೀರಡಿಯ ಬಂಡೆಗೆ ಸಿಕ್ಕಿಕೊಂಡಿತು. ಇವರು ಎಂಜಿನ್ ಹಿಂದೆ ಮುಂದೆ ಮಾಡಿಸಿ ಬಿಡಿಸಲು ನೋಡುತ್ತಿದ್ದರಂತೆ. ಸುರೇಶ ಯಾರನ್ನೂ ಕೇಳದೆ ಕತ್ತಿ ತೆಗೆದು ಹಗ್ಗ ಕಡಿದುಬಿಟ್ಟ. ಬಲೆ ಹೋಯಿತು. ದಕ್ಕೆಗೆ ಬಂದ ಮೇಲೆ ಅಷ್ಟೂ ಜನರ ಎದುರು ಇವರು, "ಇನ್ನ್ ನನ್ ಬೋಟ್ ಹತ್‌ಬೇಡ ನೀನ್," ಅಂದರು. ಅವನು ಹತ್ತಲಿಲ್ಲ. ಮನೆಗೂ ಬರಲಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ಸಾಸ್ತಾನದಲ್ಲಿ ಬಾಡಿಗೆ ಮನೆ ಹಿಡಿದು, ಮಲ್ಪೆಯ ಬೋಟುಗಳಿಗೆ ಹೋಗತೊಡಗಿದ. ಬಲೆ ಹೋದದ್ದಕ್ಕೆ ಇವರು ಅತ್ತದ್ದು ನಾನು ನೋಡಿಲ್ಲ. ತಮ್ಮ ಹೋದದ್ದಕ್ಕೆ ಊಟ ಬಿಟ್ಟದ್ದು ನೋಡಿದ್ದೇನೆ. ಆದರೆ ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅದು.

ಅಂಥ ಹೊತ್ತಿನಲ್ಲಿ ಈ ಆಟ ಮನೆಗೆ ಬಂತು. ಬೋಟಿನವರು ಯಾರೋ ಇವರ ಫೋನಿಗೆ ಹಾಕಿಕೊಟ್ಟರು. ಅದರಲ್ಲಿ ಜಗತ್ತು ಮುಗಿದುಹೋಗಿದೆ. ಯಾಕೆ ಮುಗಿಯಿತು, ಬಾಂಬು ಬಿತ್ತೋ ಕಾಯಿಲೆ ಬಂತೋ, ಯಾರೂ ಹೇಳುವುದಿಲ್ಲ. ಕಣ್ಣು ಬಿಟ್ಟರೆ ಕಡಲ ಬದಿಯಲ್ಲಿ ಬಿದ್ದಿರುತ್ತೀರಿ, ಮೈಮೇಲೆ ತುಂಡು ಬಟ್ಟೆ, ಕೈಯಲ್ಲಿ ಒಂದು ಕಲ್ಲು. ಅಲ್ಲಿಂದ ಕಟ್ಟಿಗೆ, ತಗಡು ಹೆಕ್ಕಿ ಮನೆ ಕಟ್ಟಬೇಕು, ನೀರು ಕುದಿಸಿ ಕುಡಿಯಬೇಕು, ಹಳೇ ಡಬ್ಬಿ ಒಡೆದು ತಿನ್ನಬೇಕು. ನಿಮ್ಮಂಥವರು ನೂರಾರು ಜನ ಬೇರೆ ಬೇರೆ ಊರುಗಳಿಂದ ಅದೇ ನೆಲದಲ್ಲಿ ಓಡಾಡುತ್ತಿರುತ್ತಾರೆ. ಅವರಲ್ಲಿ ಹೆಚ್ಚಿನವರ ಕೆಲಸ ನಿಮ್ಮ ಮನೆ ಒಡೆಯುವುದು.

ನಮ್ಮ ಮನೆಯ ಹಂಚು ಸೋರುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆ ಇಟ್ಟು ಇಟ್ಟು ನನಗೆ ಸಾಕಾಗಿತ್ತು. ಇವರು ಚಾವಡಿಯಲ್ಲಿ ಕೂತು ಆಟದ ಮನೆಗೆ ತಗಡು ಹೊದೆಸುತ್ತಿದ್ದರು. "ಆ ತಗ್ಡ್ ಒಂದ್ ಇಲ್ಲಿಗೂ ಹಾಕಿ ಕಾಂಬ," ಅಂದರೆ, "ಮಳಿ ಬಿಡ್ಲಿ ಮಾರಾಯ್ತಿ," ಅನ್ನುವರು. ಆಟದಲ್ಲೂ ಮಳೆ ಸುರಿಯುತ್ತಿತ್ತು. ಅಲ್ಲಿ ಮಾತ್ರ ಮನೆಯ ಮಾಡು ಹತ್ತಲು ಅಡ್ಡಿಯಿಲ್ಲ.

ಕೊಕ್ಕರ್ಣೆಯ ಶೀನ ಎಂಬವನೊಬ್ಬ ಆ ಆಟದಲ್ಲಿ ಕುಂದಾಪ್ರ ಕನ್ನಡ ಮಾತಾಡುವವರನ್ನು ಹುಡುಕಿ ಹುಡುಕಿ ಗುಂಪು ಕಟ್ಟುತ್ತಿದ್ದ. ಮುಂಬೈಯ ಕ್ಯಾಂಟೀನ್ ಬಿಟ್ಟು ಬಂದು ಊರಲ್ಲಿ ಗದ್ದೆ ಮಾಡುವವನು. ಅವನ ಮುಖ ನಾನು ಇವತ್ತಿಗೂ ಕಂಡಿಲ್ಲ, ಸ್ವರ ಮಾತ್ರ ಗೊತ್ತು. ಇವರನ್ನು ಸೇರಿಸಿಕೊಂಡ. ಮಾರನೇ ದಿನ ಇನ್ನೊಬ್ಬನನ್ನು ಸೇರಿಸಿಕೊಂಡ. ಆ ಹೊಸಬನ ಸ್ವರ ಫೋನಿನಿಂದ ಬಂದದ್ದೇ ನನ್ನ ಕಾಲು ಯಂತ್ರದ ಮೇಲೆ ನಿಂತಿತು.

"ಹ್ವಾಯ್, ಯಾರ್ ಅಲ್ಲ್ ಇಪ್ಪುದ್? ನೀರ್ ಇತ್ತಾ?"

ಸುರೇಶ. ನಾನು ಇವರ ಮುಖ ನೋಡಿದೆ. ಇವರು ಫೋನು ನೋಡುತ್ತಿದ್ದರು. ಕಿವಿ ಕೆಂಪಾಗಿತ್ತು.

"ಇತ್ತ್," ಅಂದರು.

ಆಚೆ ಗುಡ್ಡ ಇಳಿದು ಬರುವ ಹೆಜ್ಜೆಯ ಸದ್ದು. ಆಮೇಲೆ, "ಕುದಿಸಿದ್ದಾ?"

"ಹ್ಞೂ. ಕುದಿಸಿದ್ದೇ."

ಅಷ್ಟೇ. ಇಬ್ಬರಿಗೂ ಗುರುತು ಸಿಕ್ಕಿತ್ತು, ಸಿಗದೆ ಇರಲು ಅವರೇನು ಕಿವುಡರೇ? ಇಬ್ಬರೂ ಗುರುತು ಹೇಳಲಿಲ್ಲ. ಇಬ್ಬರೂ ಆಟ ಬಿಟ್ಟೇಳಲೂ ಇಲ್ಲ. ಅಂದಿನಿಂದ ದಿನಾ ಮಧ್ಯಾಹ್ನ ಊಟ ಮುಗಿದ ಮೇಲೆ ಇಬ್ಬರೂ ಹಾಜರು. ಒಡಹುಟ್ಟಿದವರು ಒಂದು ವರ್ಷ ಒಬ್ಬರಿಗೊಬ್ಬರು 'ಊಟ ಆಯ್ತಾ' ಅನ್ನದವರು, ಜಗತ್ತು ಮುಗಿದ ಮೇಲೆ ಗಂಟೆಗಟ್ಟಲೆ ಮಾತಾಡಿದರು. ಏನು ಮಾತು? ಮೊಳೆ ಎಷ್ಟಿತ್ತ್, ಕಟ್ಗಿ ಸಾಕಾ, ಗುಡ್ಡದ್ ಹಿಂದೆ ಜನ ಇದ್ರ್. ಮನೆಯ ಸುದ್ದಿ ಒಂದಕ್ಷರ ಇಲ್ಲ. ಅಣ್ಣ ಎಂದು ಅವನು ಕರೆಯಲಿಲ್ಲ, 'ಹ್ವಾಯ್' ಅನ್ನುತ್ತಿದ್ದ. ಇವರೂ 'ಹ್ವಾಯ್' ಅನ್ನುತ್ತಿದ್ದರು. ದಾರಿಯಲ್ಲಿ ಸಿಕ್ಕ ಎಮ್ಮೆಯನ್ನು ಅಟ್ಟಿದಂತೆ ಒಬ್ಬರನ್ನೊಬ್ಬರು ಹ್ವಾಯ್ ಹ್ವಾಯ್ ಅನ್ನುವುದನ್ನು ಕೇಳಿ ಕೇಳಿ ನನಗೆ ಯಂತ್ರ ಎತ್ತಿ ಹೊರಗೆ ಎಸೆಯುವಷ್ಟು ಸಿಟ್ಟು ಬರುತ್ತಿತ್ತು.

ಮನೆ ಎಲ್ಲಿ ಕಟ್ಟುವುದು ಎಂದು ಚರ್ಚೆಯಾದ ದಿನ ನೆನಪಿದೆ. ಶೀನ ಅಳಿವೆ ಬಾಗಿಲಲ್ಲಿ, ಹೊಳೆ ಕಡಲು ಸೇರುವಲ್ಲಿ, ಒಳ್ಳೇ ಜಾಗ ತೋರಿಸಿದ. ಅಣ್ಣ ತಮ್ಮ ಒಟ್ಟಿಗೇ, "ಅಲ್ಲ್ ಬ್ಯಾಡ, ನೀರ್ ಏರತ್ತ್," ಅಂದರು.

"ಈ ಆಟದಲ್ಲ್ ನೀರ್ ಏರುದಿಲ್ಲೆ ಮಾರಾಯ್ರೆ," ಅಂದ ಶೀನ. "ಉಬ್ಬರ ಇಳಿತ ಎಂತ ಇಲ್ಲೆ ಇದ್ರಗೆ."

ಯಾರು ಕೇಳುತ್ತಾರೆ? ಅಳಿವೆಯಿಂದ ಮೇಲೆ, ಕಂಬ ನೆಟ್ಟು, ಅಟ್ಟದ ಹಾಗೆ ಎತ್ತರಿಸಿ ಮನೆ ಕಟ್ಟಿದರು. ಅದಕ್ಕೆ ಬೇಕಾದ ಹೆಚ್ಚಿನ ಕಟ್ಟಿಗೆ ಕಡಿಯಲು ಮೂವರೂ ದಿನಗಟ್ಟಲೆ ಬೆವರು ಸುರಿಸಿದರು. ಬಾರದ ನೀರಿಗೆ ಹೆದರಿ ಕಟ್ಟಿದ ಮನೆ! ಶೀನ ಮಾತ್ರ, "ನಿಮ್ಮಿಬ್ರ್ ಮಾತ್ ಕೇಂಡ್ರೆ ಒಂದೇ ಮನಿಯರ್ ಕಂಡಂಗೆ ಆತ್ತಪ್ಪ," ಅಂದ. ಇಬ್ಬರೂ ಜೋರಾಗಿ ಮೊಳೆ ಹೊಡೆಯತೊಡಗಿದರು.

ಇವರಿಗೆ ದಕ್ಕೆಯಲ್ಲಿ ಬೋಟಿಗೆ ಬಣ್ಣ ಬಳಿಸುವ ಕೆಲಸವಿತ್ತು. ಒಂದು ದಿನ ಹೋಗುವಾಗ ಫೋನನ್ನು ನನ್ನ ಕೈಗೆ ತುರುಕಿ, "ಒಂದ್ ಘಳಿಗಿ ಹಿಡ್ಕ. ಬೆಂಕಿ ಆರದಂಗೆ ಕಾಣ್," ಅಂದರು. ನಾನು ಬೆಂಕಿ ನೋಡಿದೆ. ಅಷ್ಟರಲ್ಲಿ ಗೊಂಬೆಗೆ ಬಾಯಾರಿಕೆ ಎಂದು ಕೆಂಪಗೆ ಮಿನುಗತೊಡಗಿತು. ಎದುರಿಗೇ ಬೇಕಾದಷ್ಟು ನೀರು. ಇಳಿದು ಹೋಗಿ ಕುಡಿಸಿದೆ. ಇನ್ನೂ ಬಾಯಾರಿಕೆ ಅಂದಿತು, ಇನ್ನೂ ಕುಡಿಸಿದೆ. ಗೊಂಬೆ ಹೊಟ್ಟೆ ಹಿಡಿದು ನರಳಿ ಬಿದ್ದು ಸತ್ತೇ ಹೋಯಿತು. ಇವರು ವಾರಗಟ್ಟಲೆ ಕೂಡಿಟ್ಟ ಕೋಟು, ಕೊಡಲಿ, ಕೆಟಲು ಎಲ್ಲ ನೀರಿನ ಬದಿಯಲ್ಲಿ ಬಿತ್ತು. "ಅಯ್ಯೋ ದೇವ್ರೆ," ಅಂದೆ.

ಫೋನಿನೊಳಗಿಂದ ನಗು ಬಂತು. "ಅತ್ಗೆ, ಸಮುದ್ರದ್ ನೀರ್ ಕುಡುದಾ? ತಾಂಡೇಲನ್ ಹೆಂಡ್ತಿ ಆಯ್ಕಂಡ್?"

ಒಂದು ವರ್ಷದ ಮೇಲೆ ಕೇಳಿದ 'ಅತ್ಗೆ'. ಸಿಟ್ಟಿನಿಂದಲೋ ಪ್ರೀತಿಯಿಂದಲೋ, "ನಿಮ್ ಆಟಕ್ಕೆ ಬೆಂಕಿ ಹಾಕ," ಅಂದೆ. ಅವನು ನನ್ನ ಸಾಮಾನೆಲ್ಲ ಹೆಕ್ಕಿ ಮನೆಗೆ ತಂದಿಟ್ಟ. ಆಮೇಲೆ ಮೆಲ್ಲ ಕೇಳಿದ, "ಎಂತ ಅಡ್ಗಿ ಇವತ್ತ್?"

"ಬಸಳಿ. ಒಣ ಸಿಗ್ಡಿ ಹಾಕಿ."

"ನಾ ಕೇಂಡದ್ದ್ ಅಣ್ಣಂಗೆ ಹೇಳ್ಬೇಡಿ," ಅಂದ.

"ಬಂದ್ ಉಣ್ಣುಕೆ ಎಂತ ಆಯ್ತ್ ನಿಂಗೆ?"

"ಕರೀದೆ ಹೆಂಗ್ ಬಪ್ಪುದ್ ಅತ್ಗೆ? ಬರ್ಬೇಡ ಅಂದದ್ದ್ ಅವ್ನೇ. ಬಾ ಅನ್ಬೇಕಾದ್ದೂ ಅವ್ನೇ."

ಅದು ಸರಿಯೇ. ಆ ಮಾತು ಹೋಗಬೇಕಾದಲ್ಲಿಗೆ ಹೋಗಬೇಕಿತ್ತು. ಸಂಜೆ ಇವರಿಗೆ ಹೇಳಿದೆ: ಬೋಟು ಇಳಿಯುವ ಮೊದಲು ಅವನನ್ನು ಕರೆಯಿರಿ, ಒಂದು ಮಾತು. ಇವರು, "ಕಾಂಬ," ಅಂದರು. ನಮ್ಮ ಕಡೆ ನೋಡೋಣ ಅನ್ನುವುದಕ್ಕೆ 'ಕಾಂಬ' ಅನ್ನುತ್ತಾರೆ; ಹಾಗೆಂದರೆ ಆ ಕೆಲಸ ಅಲ್ಲಿಗೆ ಬಿತ್ತು ಎಂದರ್ಥ.

ಅಂದಿನಿಂದ ನಾನೂ ಆಗಾಗ ಫೋನು ಹಿಡಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಆ ಆಟದಲ್ಲಿ ಒಂದು ಸುಖ ಇದೆ. ಹೊರಗೆ ಮಳೆ ಹೊಯ್ಯುವಾಗ ನೀವೇ ಕಡಿದ ಕಟ್ಟಿಗೆಯಿಂದ ನೀವೇ ಕಟ್ಟಿದ ಗೂಡಿನಲ್ಲಿ ಬೆಂಕಿ ಹಾಕಿ ಕೂತು, ಒಂದು ಡಬ್ಬಿ ಕಾಳನ್ನು ಮೂವರು ಹಂಚಿ ತಿನ್ನುವುದಿದೆಯಲ್ಲ, ಅದು ನಿಜಕ್ಕೂ ಹೊಟ್ಟೆ ತುಂಬಿಸುತ್ತದೆ. ದೂರದಲ್ಲಿ ಹೆಜ್ಜೆ ಸದ್ದಾದರೆ ಮೂವರೂ ಉಸಿರು ಹಿಡಿಯುತ್ತಾರೆ. ಜೊತೆಯವನ ಬೆನ್ನು ನೀವು ಕಾಯಬೇಕು, ನಿಮ್ಮದು ಅವನು. ಬೋಟಿನ ಕೆಲಸವೂ ಅದೇ ಅಲ್ಲವೇ ಎಂದು ನನಗೆ ಆಗ ಹೊಳೆಯಿತು. ಈ ಗಂಡಸರು ಮಳೆಗಾಲದಲ್ಲಿ ಕಳೆದುಕೊಂಡದ್ದು ಕಡಲನ್ನಲ್ಲ, ಇದನ್ನು.

ಆದರೆ ಸುಖ ಒಂದು ಚಿಟಿಕೆ, ಕಿರಿಕಿರಿ ಒಂದು ಮೂಟೆ. ಉಂಡು ಕೈತೊಳೆಯುವುದರೊಳಗೆ ಗೊಂಬೆಗೆ ಮತ್ತೆ ಹಸಿವು. ಎಳೆ ಮಗುವೂ ಅಷ್ಟು ಕಾಡಿಸುವುದಿಲ್ಲ. ಕೊಡಲಿ ನಾಲ್ಕು ಮರಕ್ಕೆ ಸವೆಯುತ್ತದೆ. ಯಾವುದೋ ಊರಿನ ಪುಣ್ಯಾತ್ಮ, ನಿಮ್ಮ ಹತ್ತಿರ ಎರಡು ಮೊಳೆ ಬಿಟ್ಟರೆ ಏನಿಲ್ಲ ಎಂದು ಗೊತ್ತಿದ್ದೂ, ಬಂಡೆಯ ಹಿಂದಿನಿಂದ ಗುಂಡು ಹಾರಿಸಿ, ಬಿದ್ದ ಹೆಣದ ಮುಂದೆ ಕುಣಿದು ಹೋಗುತ್ತಾನೆ. ನೀವು ಅನ್ನಕ್ಕೆ ಎಸರಿಡಲು ಎದ್ದುಹೋದರೂ ನಿಮ್ಮ ಗೊಂಬೆ ಅಲ್ಲೇ ಮಲಗಿರುತ್ತದೆ, ಬಂದವರು ಮಲಗಿದ್ದನ್ನೇ ಕೊಂದು ಹೋಗುತ್ತಾರೆ. ಅಂದರೆ ಮನೆ, ಮಕ್ಕಳು, ಕೆಲಸ ಇಲ್ಲದವನೇ ಅಲ್ಲಿ ರಾಜ. ಇದರ ಮೇಲೆ ನಮ್ಮ ಮಳೆ. ನಾಲ್ಕು ಹನಿ ಜೋರಾದರೆ ಕರೆಂಟು ಹೋಯಿತು, ಅದರ ಹಿಂದೆಯೇ ಟವರು. ಗುಡ್ಡ ಹತ್ತುತ್ತಿದ್ದವರು ಹತ್ತುತ್ತಲೇ ಕಲ್ಲಾಗಿ ನಿಲ್ಲುವರು. ನೆಟ್ಟು ಬಂದಾಗ ನೋಡಿದರೆ ಬುಡದಲ್ಲಿ ಸತ್ತು ಬಿದ್ದಿರುವುದು. ಇಷ್ಟೂ ಸಾಲದು ಎಂದು, ಕೆಲವು ವಾರಕ್ಕೊಮ್ಮೆ ಆಟದವರು ಇಡೀ ಭೂಮಿಯನ್ನು ಒರೆಸಿ ಹಾಕುತ್ತಾರೆ. ಮನೆ, ಬೇಲಿ, ಸಾಮಾನು ಏನೂ ಉಳಿಯುವುದಿಲ್ಲ, ಎಲ್ಲರೂ ಮತ್ತೆ ಕಲ್ಲು ಹಿಡಿದು ಬೆತ್ತಲೆ. ಹಾಗಾದರೆ ಕಟ್ಟುವುದು ಯಾವ ಕರ್ಮಕ್ಕೆ ಎಂದು ಶೀನನನ್ನು ಕೇಳಿದೆ. "ಮತ್ತೆ ಕಟ್ಟುಕೆ, ಅಕ್ಕ," ಅಂದ. ಆ ಸಲ ಒರೆಸುವ ದಿನ ಸರಿಯಾಗಿ ಬೋಟು ಇಳಿಯುವುದಕ್ಕೆ ಕೆಲವು ದಿನ ಮೊದಲೇ ಬರುವುದಿತ್ತು. ಅದರೊಳಗೆ ಇವರು ಬಾಯಿ ಬಿಡದಿದ್ದರೆ ಅಣ್ಣ ತಮ್ಮನಿಗೆ ಮಾತಾಡಲು ಆ ಹಾಳು ಅಟ್ಟವೂ ಇರುವುದಿಲ್ಲ ಎಂದು ನನ್ನ ಚಿಂತೆ.

ಆಷಾಢದ ಒಂದು ಮಧ್ಯಾಹ್ನ ಗುಂಪು ಕಟ್ಟಿಕೊಂಡು ಬಂದ ಯಾರೋ ನಮ್ಮ ಆಟದ ಮನೆಗೆ ಮುತ್ತಿಗೆ ಹಾಕಿದರು. ಗೋಡೆಗೆ ಸಿಡಿಮದ್ದು ಕಟ್ಟುವ ಸದ್ದು. ಶೀನ ಮೊದಲ ಗುಂಡಿಗೇ ಸತ್ತು ಎಲ್ಲೋ ದೂರದ ತೀರದಲ್ಲಿ ಎದ್ದಿದ್ದ. ಇವರು ಒಳಗೆ, ಕಬ್ಬಿಣದ ಬಾಗಿಲು ಹಾಕಿಕೊಂಡು. ಸುರೇಶ ಹೊರಗೆ ಕಾಡಿನಲ್ಲಿ, ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಬಂದೂಕು ಅವನ ಕೈಯಲ್ಲಿ. ನಾನು ರವಿಕೆಗೆ ಗುಂಡಿ ಹಾಕುವುದು ಬಿಟ್ಟು ಇವರ ಬೆನ್ನ ಹಿಂದೆ ನಿಂತಿದ್ದೆ. ಆಗ ಅವನ ಸ್ವರ ಬಂತು, ಗಡಿಬಿಡಿಯಲ್ಲಿ.

"ಅಣ್ಣ, ನಾನ್ ಬತ್ತೆ, ಹಾಂ."

ಅಣ್ಣ. ಆ ಮಳೆಗಾಲದಲ್ಲಿ ಮೊದಲ ಸಲ. "ಬಾ, ಬಾ," ಎಂದು ಇವರು ಎದ್ದೇ ನಿಂತರು, ಚಾವಡಿಯಲ್ಲಿ, ಲುಂಗಿ ಕಟ್ಟಿಕೊಂಡು. ಆಟದಲ್ಲಿ ಹೋಗಿ ಕಬ್ಬಿಣದ ಬಾಗಿಲು ತೆಗೆದಿಟ್ಟರು, ತಮ್ಮ ಓಡಿ ಬಂದರೆ ಬೀಗದ ನಂಬರ್ ಒತ್ತುತ್ತಾ ಹೊರಗೆ ನಿಲ್ಲಬಾರದು ಎಂದು. ತೆಗೆದು, ಬಾಗಿಲಲ್ಲೇ ನಿಂತು ಕಾದರು. ತಮ್ಮ ಬರಲಿಲ್ಲ. ಮುತ್ತಿಗೆ ಹಾಕಿದವರು ಬಂದರು. ಸಿಡಿಮದ್ದೂ ಉಳಿಯಿತು ಅವರಿಗೆ. ಇವರನ್ನು ಕೊಂದು, ಇದ್ದಬದ್ದದ್ದನ್ನೆಲ್ಲ ಬಾಚಿಕೊಂಡು, ಹೋಗುವಾಗ ಅಟ್ಟದ ಕಂಬ ಕಡಿದು ಬೆಂಕಿಯನ್ನೂ ಇಟ್ಟು ಹೋದರು.

ಇವರು ಸಂಜೆಯವರೆಗೆ ಗೋಡೆ ನೋಡುತ್ತಾ ಕೂತರು. ಕಾಫಿ ಕುಡಿಯಲಿಲ್ಲ.

ಮಾರನೇ ಮಧ್ಯಾಹ್ನ ಸುರೇಶ ಬಂದು ಬೂದಿ ನೋಡಿದ. "ಬಾಗ್ಲ್ ತೆಗ್ದಿಟ್ಟದ್ ಯಾರ್?" ಎಂದು ಕೇಳಿದ.

"ನೀ ಬತ್ತೆ ಅಂದ್ಯಲ್ಲ," ಅಂದರು ಇವರು. ಸ್ವರ ಗಟ್ಟಿಯಾಗಿತ್ತು. "ಬತ್ತೆ ಅಂದೇಳಿ ಬಾಗ್ಲ್ ತೆಗ್ಸಿ ಎಲ್ ಸತ್ತಿದ್ದೆ?"

"ಮಗ್ಳ್ ಶಾಲಿ ವ್ಯಾನ್ ಬಂದಿತ್ತ್. ಮಳಿಯಗೆ ಅದ್ರನ್ನ್ ಕರ್ಕಂಡ್ ಬಪ್ಪುಕೆ ಹೋದ್ದ್. ಹೊರ್ಡುವತಿಗೆ ಬತ್ತೆ ಅಂದೆ."

"ಬತ್ತೆ ಅಂದ್ರೆ ಬಪ್ಪುದಲ್ದಾ?"

"ಹೋಪತಿಗೆ ಮತ್ತೆಂತ ಹೇಳುದ್? ಹೋತೆ ಅಂದೇಳಿ ಹೇಳುಕ್ ಆತ್ತಾ? ನಮ್ ಮನಿಯಗೆ ಯಾರಾದ್ರೂ ಹೋತೆ ಅಂದದ್ದ್ ಕೇಂಡಿದ್ಯಾ ನೀನ್?"

ಹೌದಲ್ಲ. ಮನೆಯಿಂದ ಹೊರಡುವವರು ನಮ್ಮಲ್ಲಿ ಹೋಗುತ್ತೇನೆ ಅನ್ನುವುದಿಲ್ಲ. ಕಡಲಿಗೆ ಇಳಿಯುವವರ ಮನೆಯಲ್ಲಂತೂ ಆ ಮಾತು ಬಾಯಿಗೆ ತಂದರೆ ಹಿರಿಯರು ಬಾಯಿ ಮೇಲೆ ಹೊಡೆಯುತ್ತಿದ್ದರು. ಹೊರಡುವಾಗಲೂ ಬತ್ತೆ, ಬರುವಾಗಲೂ ಬತ್ತೆ. ಇಷ್ಟು ವರ್ಷ ಆ ಮಾತನ್ನು ಆಡಿಕೊಂಡು ಬಂದ ಮನುಷ್ಯ ಅವತ್ತೇ ತಪ್ಪು ತಿಳಿಯಬೇಕೇ? ಮಾತಿನ ಮೊದಲಿಗೆ 'ಅಣ್ಣ' ಸೇರಿದ್ದಕ್ಕೆ ಇವರಿಗೆ ಬೇರೆ ಅರ್ಥ ಹೊಳೆಯಲೇ ಇಲ್ಲ. ಆದರೆ ಅದನ್ನು ಒಪ್ಪಿಕೊಂಡಾರೇ?

"ನೀ ಯಾವತ್ತೂ ಹಾಂಗೇ," ಅಂದರು. "ಬೇಕಾದ್ ಹೊತ್ತಿಗೆ ಕೈ ಬಿಡುದ್. ಅವತ್ತ್ ಬಲೆ ಕಡ್ದಂಗೆ."

ನಾನು ಕತ್ತರಿ ಕೆಳಗಿಟ್ಟೆ.

"ಅಲ್ಲ ಮಾರಾಯ್ರೆ," ಅಂದ ಶೀನ, "ಯಾವ್ ಬಲೆ? ಈ ಆಟದಗೆ ಬಲೆ ಎಲ್ಲಿತ್ತ್?"

"ನೀವ್ ಸುಮ್ನಿರಿ," ಎಂದು ಅಣ್ಣ ತಮ್ಮ ಒಟ್ಟಿಗೇ ಅಂದರು.

ಆಮೇಲೆ ಸುರೇಶ ಹೇಳಿದ್ದನ್ನು ನಾನು ಮರೆಯುವುದಿಲ್ಲ. ಅವನು ಕೂಗಲಿಲ್ಲ. "ಬೋಟ್ ವಾಲಿತ್ ಅಣ್ಣ. ಬಲೆ ಎಳ್ದ ಬದಿಗೇ ನೀ ನಿಂತಿದ್ದೆ. ನೀ ಬಲೆ ಕಾಂತಿದ್ದೆ, ನಾ ನಿನ್ನ್ ಕಾಂತಿದ್ದೆ. ನಂಗೆ ಹೆದ್ರಿಕಿ ಆಯ್ತ್. ಬಲೆ ಹೋರೆ ಹೋಯ್ಲಿ ಅಂದೇಳಿ ಕಡ್ದೆ."

"ಅವತ್ತೇ ಹೇಳುಕೆ ಎಂತ ಆಯ್ತ್ ನಿಂಗೆ?"

"ಅಷ್ಟ್ ಜನದೆದ್ರ್ ಹೆದ್ರಿದೆ ಅಂದೇಳಿ ಹೇಳ್ಕಾ ನಾನ್?"

ಇವರು ಫೋನು ಇಟ್ಟರು. ಹೊರಗೆ ಹೋಗಿ ಮಳೆಯಲ್ಲಿ ಕೊಡೆಯಿಲ್ಲದೆ ಅಂಗಳದಲ್ಲಿ ನಿಂತರು, ಒಳಗೆ ಬಂದು ತಲೆ ಒರೆಸಿಕೊಂಡರು. "ಇನ್ನಾದ್ರೂ ಕರೀರಿ," ಅಂದೆ. "ಹ್ಞೂ, ಕಾಂಬ," ಅಂದರು. ಅವರ ಕಾಂಬಕ್ಕೆ ಬೆಂಕಿ ಬೀಳ!

ಇದಾದ ಮೇಲೆ ಕರೆದೇ ಬಿಡುತ್ತಾರೆ ಎಂದು ನೀವು ತಿಳಿದಿರಬಹುದು, ನಾನೂ ತಿಳಿದಿದ್ದೆ. ಎರಡು ದಿನ ಬಿಟ್ಟು ಇಬ್ಬರೂ ಮತ್ತೆ ಆಟಕ್ಕೆ ಕೂತು, ಸುಟ್ಟ ಅಟ್ಟದ ಪಕ್ಕ ಸಣ್ಣ ಗುಡಿಸಲು ಕಟ್ಟತೊಡಗಿದರು. ಈಗ ಹ್ವಾಯ್ ಹೋಗಿ ಅಣ್ಣ ಬಂದಿತ್ತು, ಅಷ್ಟೇ ವ್ಯತ್ಯಾಸ. ಅಣ್ಣ, ಕಟ್ಗಿ ಇತ್ತಾ. ಇತ್ತ್. ಅಣ್ಣ, ನೀರ್ ಕುದಿಸಿದ್ಯಾ. ಹ್ಞೂ. ನಾನು ಕೇಳಿದರೆ, ಬೋಟಿಗೆ ಬಣ್ಣ ಆಗಲಿ, ಆಮೇಲೆ ಹೇಳ್ತೆ ಅನ್ನುವರು. ಹಗ್ಗ ಬರಲಿ, ಆಮೇಲೆ. ಎಂಜಿನ್ ನೋಡುವವನು ಬಂದು ಹೋಗಲಿ. ಒಂದು ಅಕ್ಷರದ ಮಾತು, ಬಾ, ಅದನ್ನು ಹೇಳಲು ಇಷ್ಟು ಸಿದ್ಧತೆ ಬೇಕೇ ಎಂದು ನಾನು ಜಗಳ ಮಾಡಿದೆ, ಮಾತು ಬಿಟ್ಟೆ, ಒಂದು ದಿನ ಬರೀ ಗಂಜಿ ಬಡಿಸಿದೆ. ಗುಲ್ವಾಡಿಯ ತವರಿಗೆ ಹೋಗಿ ಕೂರುತ್ತೇನೆ ಎಂದೂ ಹೆದರಿಸಿದೆ. "ಹೋಯಿ ಬಾ, ನದಿ ಬದಿಯಗೆ ಗಾಳಿ ಲಾಯ್ಕಿತ್ತ್," ಅಂದರು.

ಒರೆಸುವ ದಿನ ಬಂತು. ಬೆಳಿಗ್ಗೆ ಇವರು ಫೋನು ತೆಗೆದರೆ ಬೇರೆಯೇ ಕಡಲತೀರ, ಬೇರೆ ಗುಡ್ಡ. ಗುಡಿಸಲು ಇಲ್ಲ, ಗುಂಪಿನ ಹೆಸರಿಲ್ಲ, ತಮ್ಮ ಇಲ್ಲ. ಗೊಂಬೆ ಕಲ್ಲು ಹಿಡಿದು ಒಬ್ಬಂಟಿಯಾಗಿ ನಿಂತಿತ್ತು. ಇವರು ಅದನ್ನು ಸುಮಾರು ಹೊತ್ತು ನೋಡಿದರು. ಎದ್ದು ಸ್ಕೂಟರಿನ ಕೀಲಿ ತೆಗೆದುಕೊಂಡರು. "ಬತ್ಯಾ?" ಎಂದು ನನ್ನನ್ನು ಕೇಳಿದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಕೋಟೇಶ್ವರ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ, ದಾರಿಯುದ್ದಕ್ಕೂ ಮಳೆ. ಸುರೇಶ ನಮ್ಮನ್ನು ಕಂಡು ಗಾಬರಿಯಾಗಿ, ಆಮೇಲೆ ಒಣ ಟವೆಲು ತಂದುಕೊಟ್ಟ. ಅವನ ಹೆಂಡತಿ ಚಾ ಮಾಡಿದಳು. ಅಣ್ಣ ತಮ್ಮ ಕೂತು ಹೊಸ ಭೂಮಿಯಲ್ಲಿ ಅಳಿವೆ ಎಲ್ಲಿದೆ ಎಂದು ಮಾತಾಡಿದರು. ನಾನು ಹಲ್ಲು ಕಚ್ಚಿ ಕೂತೆ. ಚಾ ಆರಿತು. ಕಡೆಗೆ ಇವರು ಲೋಟ ನೋಡುತ್ತಾ ಅಂದರು, "ಬೋಟಿಗೆ ಬಾ."

ಸುರೇಶ ತಲೆ ಕೆಳಗೆ ಹಾಕಿದ. "ನಿನ್ನೆ ಕರ್ದಿದ್ರೆ ಆತಿತ್ತಲೆ ಅಣ್ಣ," ಅಂದ. "ನಿನ್ನೆ ಸಂಜಿಗೆ ಮಲ್ಪಿಯರ್ ಬಂದಿದ್ರ್. ಈ ಹಂಗಾಮಿಗೆ ಅವ್ರಿಗೆ ಮಾತ್ ಕೊಟ್ಟೆ."

ಬೋಟಿನವರಲ್ಲಿ ಹಂಗಾಮಿಗೆ ಮಾತು ಕೊಟ್ಟರೆ ಮುಗಿಯಿತು, ನಡುವೆ ಬಿಟ್ಟು ಬರುವಂತಿಲ್ಲ. ಬಾ ಎಂದು ಇವರೂ ಒತ್ತಾಯಿಸುವಂತಿಲ್ಲ, ಇವರೇ ಅಂಥ ಮಾತಿನ ಮೇಲೆ ಬೋಟು ನಡೆಸುವವರು. "ಹಾಂಗಾರೆ ಹೋಯ್ಕೇ," ಅಂದರು ಇವರು. ಇಬ್ಬರ ಮುಖವೂ ನೋಡುವಂತಿರಲಿಲ್ಲ. ನನಗೆ ಅಲ್ಲೇ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಇಡೀ ಮಳೆಗಾಲ ಇವರ ಕಿವಿಯ ಬುಡದಲ್ಲೇ ಇದ್ದ ತಮ್ಮ, ಒಂದು ದಿನದಲ್ಲಿ ತಪ್ಪಿಹೋದ.

ತಿರುಗಿ ಹೊರಟೆವು. ತೆಕ್ಕಟ್ಟೆ ದಾಟುವಾಗ ಇವರು ಹೆಲ್ಮೆಟ್ಟಿನೊಳಗಿಂದ ಅಂದರು, "ಬಪ್ಪ ವರ್ಷ ಬೇಗ ಕರೀಕ್."

"ಸ್ಕೂಟರ್ ನಿಲ್ಸಿ," ಅಂದೆ.

"ಎಂತ ಆಯ್ತ್?"

"ನಿಲ್ಸಿ."

ನಿಲ್ಲಿಸಿದರು. ನಾನು ಇಳಿದು ಹೆದ್ದಾರಿಯ ಬದಿಯ ಕೆಸರಿನಲ್ಲಿ ನಿಂತೆ. ಬಪ್ಪ ವರ್ಷದ್ದನ್ನು ಬಪ್ಪ ವರ್ಷ ಕರೆಯುವುದಲ್ಲ, ಈಗಲೇ ಕರೆಯಿರಿ ಎಂದೆ. ಬಣ್ಣ ಆಗಲಿ, ಹಗ್ಗ ಬರಲಿ ಎಂದು ಶುರುಮಾಡಿದರೆ ಮುಂದಿನ ಸಲವೂ ಯಾರೋ ಒಂದು ದಿನ ಮೊದಲು ಬಂದಿರುತ್ತಾರೆ, ನೀವು ತಿರುಗಿಸದಿದ್ದರೆ ನಾನು ನಡೆದೇ ಹೋಗಿ ಕರೆಯುತ್ತೇನೆ ಎಂದೆ. ಹೋಗುವ ಬರುವ ಲಾರಿಗಳೆಲ್ಲ ಇಬ್ಬರ ಮೇಲೂ ನೀರು ಹಾರಿಸಿದವು. "ಈಗ್ಳೇ ಮತ್ತೆ ಹೋರೆ ಅವ ಎಂತ ತಿಳ್ಕಂತ," ಎಂದು ಇವರು ಗೊಣಗಿದರು. ನಾನು ಅಲುಗಲಿಲ್ಲ. ತಿರುಗಿಸಿದರು.

ಸುರೇಶ ಅಂಗಳದಲ್ಲೇ ಇದ್ದ. ಗೇಟಿನ ಹತ್ತಿರ ಸ್ಕೂಟರ್ ಕಂಡು ಓಡಿ ಬಂದ. "ಎಂತ ಬಿಟ್ಟ್ ಹೋದ್ರಿ ಅತ್ಗೆ?"

"ನಿನ್ ಅಣ್ಣನ್ನೇ ಕೇಣ್," ಅಂದೆ.

ಇವರು ಹೆಲ್ಮೆಟ್ ತೆಗೆದರು. ನೀರು ಮೂಗಿನಿಂದ ಇಳಿಯುತ್ತಿತ್ತು. "ಬಪ್ಪ ವರ್ಷ ನಮ್ ಬೋಟಿಗೆ ಬಾ," ಅಂದರು.

ಸುರೇಶ ಗೇಟು ಹಿಡಿದುಕೊಂಡು ಇವರನ್ನೇ ನೋಡಿದ. ಆಮೇಲೆ ಮೆಲ್ಲ ಅಂದ, "ಆಯ್ತ್ ಅಣ್ಣ. ಇನ್ನ್ ಯಾರ್ ಕೇಂಡ್ರೂ, ಆಗ್ಳೇ ಒಬ್ರಿಗೆ ಮಾತ್ ಕೊಟ್ಟಾಯ್ತ್ ಅಂದೇಳಿ ಹೇಳ್ತೆ."